ಅಚ್ಚಾದದ್ದನ್ನು ಕೇಳಬಾರದು

ಗೆಡೆಯೋನ್ ಬಾರ್ತಾನನ್ನು ಮಣ್ಣು ಮಾಡಿ ಐದು ತಿಂಗಳಾಯಿತು. ಸ್ಮಶಾನದಲ್ಲಿ ಮಾತಾಡಿದವರೆಲ್ಲ ಅವನನ್ನು ಸಾಧು ಎಂದರು. ಸಾಧುವಂತೆ, ಸಾಧು. ಹೆದರಿದ ಮನುಷ್ಯನಿಗೂ ಸಾಧುವಿಗೂ ವ್ಯತ್ಯಾಸ ತಿಳಿಯದವರು ಇನ್ನೊಬ್ಬರ ಗೋರಿಯ ಮುಂದೆ ಬಾಯಿ ಬಿಡಬಾರದು. ನನಗೆ ವ್ಯತ್ಯಾಸ ಗೊತ್ತಿತ್ತು, ಆದರೂ ಕೈಯಲ್ಲಿ ಹೂವು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಮನೆಗೆ ಬಂದು ಬೂಟಿನ ಮಣ್ಣು ಕೆರೆಯುವಾಗ ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ನನ್ನ ಹೆಸರು ಅರಂಕಾ ವಾದಾಸ್. ಬುಡಾಪೆಸ್ಟಿನಲ್ಲಿ, ನಮ್ಮ ಗಣಿತ ವಿಭಾಗದ ಮೂರನೆಯ ಮಹಡಿಯಲ್ಲಿ, ಪ್ರತಿ ಮಂಗಳವಾರ ನಾಲ್ಕು ಗಂಟೆಗೆ ನಡೆಯುವ ವಿಚಾರಗೋಷ್ಠಿಯಲ್ಲಿ ಮೂವತ್ತೈದು ವರ್ಷ ಮುಂದಿನ ಸಾಲಿನಲ್ಲಿ ಕೂತವಳು. ಬಿಂದುಗಳು, ಅವನ್ನು ಕೂಡಿಸುವ ಗೆರೆಗಳು, ಆ ಗೆರೆಗಳ ಜಾಲದಲ್ಲಿ ಅತಿ ಚಿಕ್ಕ ದಾರಿ ಯಾವುದು, ಹೆಚ್ಚೆಂದರೆ ಎಷ್ಟು ಜೋಡಿ ಕಟ್ಟಬಹುದು, ಇದೇ ನಮ್ಮ ಕಸುಬು. ಇದರಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ನನ್ನ ತಾಯಿ ಸಾಯುವವರೆಗೂ ಕೇಳಿದಳು. ರೈಲು ಹೊರಡುವ ವೇಳೆ, ಕಾರ್ಖಾನೆಯ ಸರಕು ಸಾಗಾಟ ಎಂದೆಲ್ಲ ಹೇಳಿ ನೋಡಿದೆ, ಅವಳು ನಂಬಲಿಲ್ಲ. ಹುಡುಗರು ಬೆನ್ನ ಹಿಂದೆ ನನ್ನನ್ನು ಗರಗಸ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಆ ಹೆಸರು ಬರಲು ಕಾರಣ ನಮ್ಮ ಗೋಷ್ಠಿಯ ಕಟ್ಟಳೆ. ಮಾತಾಡುವವರು ಕಾಗದವಿಲ್ಲದೆ, ಬರಿಗೈಯಲ್ಲಿ ಬೋರ್ಡಿನ ಮುಂದೆ ನಿಲ್ಲಬೇಕು. ಕೂತವರಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ ‘ಯಾಕೆ?’ ಎನ್ನಬಹುದು. ಒಮ್ಮೆ ‘ಯಾಕೆ’ ಎಂದು ಕೇಳಿದ ಮೇಲೆ ಅದಕ್ಕೆ ಉತ್ತರ ಕೊಡುವವರೆಗೂ ಸೀಮೆಸುಣ್ಣ ಮುಂದಿನ ಸಾಲಿಗೆ ಹೋಗುವಂತಿಲ್ಲ. ಸೆಗೆಡ್ ಊರಿನ ವಿಶ್ವವಿದ್ಯಾಲಯದಿಂದ ಬಂದ ದಪ್ಪ ಮೀಸೆಯ ಪ್ರಾಧ್ಯಾಪಕರೊಬ್ಬರನ್ನು ನಾನು ಎರಡನೆಯ ಸಾಲಿನಲ್ಲೇ ಒಂದೂವರೆ ಗಂಟೆ ನಿಲ್ಲಿಸಿದ್ದೆ. ಪಾಪ, ಅವರು ಕಡೆಗೆ ಟೋಪಿಯನ್ನೂ ಮರೆತು ಹೊರಟುಹೋದರು. ಆದರೆ ಒಂದಕ್ಕೆ ಮಾತ್ರ ವಿನಾಯಿತಿ. ಅಚ್ಚಾದದ್ದನ್ನು ಕೇಳಬಾರದು. ಪತ್ರಿಕೆಯಲ್ಲಿ ಪ್ರಕಟವಾದ ಪ್ರಮೇಯವನ್ನು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಬರೆದವರ ಹೆಸರು, ಇಸವಿ ಹಾಕಿದರೆ ಮುಗಿಯಿತು, ಅದರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಅದನ್ನೂ ಕೇಳುತ್ತಾ ಕೂತರೆ ಒಂದನೆಯ ತರಗತಿಯ ಕೂಡುವ ಲೆಕ್ಕಕ್ಕೆ ವಾಪಸ್ಸು ಹೋಗಬೇಕಾಗುತ್ತದೆ ಎಂದು ನಮ್ಮ ಮುಖ್ಯಸ್ಥ ಹೊಲ್ಲೋಶ್ ಮೇಷ್ಟ್ರು ಹೇಳುತ್ತಿದ್ದರು. ಹೊಲ್ಲೋಶ್ ಹೇಳಿದ ಮೇಲೆ ನಮ್ಮಲ್ಲಿ ಎರಡನೆಯ ಮಾತಿರಲಿಲ್ಲ.

ಗೆಡೆಯೋನ್ ಈ ಗೋಷ್ಠಿಗೆ ಬಂದದ್ದು ಊರಂಚಿನ ಉಜ್‌ಪೆಷ್ಟ್ ಬಡಾವಣೆಯ ಟೋಪಿ ಕಾರ್ಖಾನೆಯ ಗೋದಾಮಿನಿಂದ. ಅವನ ತಂದೆಗೆ ಹಳ್ಳಿಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಕಮ್ಯುನಿಸ್ಟ್ ಸರ್ಕಾರದ ಕಣ್ಣಿಗೆ ವರ್ಗಶತ್ರು ಎನಿಸಲು ಅಷ್ಟು ಸಾಕಾಯಿತು. ಐವತ್ತೊಂದರ ಬೇಸಿಗೆಯಲ್ಲಿ ಮನೆಮಂದಿಯನ್ನೆಲ್ಲ ಲಾರಿಗೆ ಹತ್ತಿಸಿ ಪೂರ್ವದ ಹುಲ್ಲುಗಾವಲಿನ ದುಡಿಮೆಯ ಶಿಬಿರಕ್ಕೆ ಸಾಗಿಸಿದರು. ತಂದೆ ಅಲ್ಲೇ ಕುರಿಕೊಟ್ಟಿಗೆಯಲ್ಲಿ ಸತ್ತರು. ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷ ಓದುತ್ತಿದ್ದ ಗೆಡೆಯೋನ್‌ನ ಹೆಸರು ಹೊಡೆದು ಹಾಕಿ ಅವನನ್ನೂ ಅಲ್ಲಿಗೇ ಕಳಿಸಿದ್ದರು. ಐವತ್ಮೂರರಲ್ಲಿ ಬಿಡುಗಡೆಯಾಗಿ ಬಂದವನು ಟೋಪಿಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಸೇರಿಕೊಂಡ. ಮಧ್ಯಾಹ್ನ ಕೊಬ್ಬು ಸವರಿದ ಬ್ರೆಡ್ಡಿನ ಮೇಲೆ ಈರುಳ್ಳಿ ಇಟ್ಟುಕೊಂಡು ತಿನ್ನುತ್ತಾ, ಪೆಟ್ಟಿಗೆಯ ರಟ್ಟಿನ ಮೇಲೆ ಬಿಂದು ಗೆರೆ ಬರೆಯುತ್ತಿದ್ದನಂತೆ. ಮಂಗಳವಾರ ಮೊದಲ ಪಾಳಿ ಮುಗಿಸಿ, ಹೊಲ್ಲೋಶ್ ಮೇಷ್ಟ್ರ ಅನುಮತಿ ಪಡೆದು ಗೋಷ್ಠಿಗೆ ಬಂದು ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದ. ಯಾರಾದರೂ ಅವನ ಹೆಸರು ಹಿಡಿದು ಕರೆದರೆ ಮುಖದ ರಕ್ತ ಇಳಿದುಹೋಗುತ್ತಿತ್ತು. ಫೋನು ಬಡಿದುಕೊಂಡರೆ ಎದ್ದು ನಿಲ್ಲುತ್ತಿದ್ದ. ಇದನ್ನು ನೋಡಿ ನಾವು ನಗುತ್ತಿದ್ದೆವು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಐವತ್ತೇಳರ ವಸಂತದಲ್ಲಿ ಅವನು ನಾಲ್ಕು ಪುಟದ ಒಂದು ಲೇಖನ ಬರೆದು ಕೊಟ್ಟ. ಹೊಲ್ಲೋಶ್ ಆಗ ಪತ್ರಿಕೆಯ ಸಂಪಾದಕರೂ ಆಗಿದ್ದರು. ಅದು ಅಚ್ಚಾದರೆ ಶರತ್ಕಾಲದಲ್ಲಿ ಹುಡುಗನಿಗೊಂದು ಜಾಗ ಮಾಡಿಕೊಡುತ್ತೇನೆ, ಅವನ ಕಡತ ಕೆಟ್ಟದಾಗಿದೆ, ಅಚ್ಚಾದ ಕಾಗದವೊಂದು ಕೈಯಲ್ಲಿಲ್ಲದೆ ನಾನೇನೂ ಮಾಡಲಾರೆ ಎಂದು ಹೇಳಿ ಆ ಲೇಖನವನ್ನು ಪರಿಶೀಲನೆಗೆ ಒಬ್ಬರಿಗೆ ಕೊಟ್ಟರು. ಪರಿಶೀಲಕರು ಯಾರು ಎಂಬುದು ಬರೆದವರಿಗೆ ತಿಳಿಯಬಾರದು, ಅದೂ ನಮ್ಮಲ್ಲಿ ಕಟ್ಟಳೆಯೇ. ಲೇಖನ ಅಚ್ಚಾಯಿತು. ಗೆಡೆಯೋನ್ ಟೋಪಿ ಬಿಟ್ಟು ನಮ್ಮ ಮಹಡಿಗೆ ಬಂದ. ಜನ ಅದನ್ನು ‘ಬಾರ್ತಾನ ಸಣ್ಣ ಪ್ರಮೇಯ’ ಎಂದು ಕರೆಯತೊಡಗಿದರು. ಅವನು ಆಮೇಲೆ ದೊಡ್ಡದೇನನ್ನೂ ಮಾಡಲಿಲ್ಲ; ಒಳ್ಳೆಯ ಪಾಠ ಹೇಳಿದ, ಮಕ್ಕಳ ಉತ್ತರ ಪತ್ರಿಕೆ ತಿದ್ದಿದ, ಮದುವೆಯಾಗಲಿಲ್ಲ. ಅವನು ನಮ್ಮ ನಡುವೆ ಇದ್ದದ್ದೇ ಆ ನಾಲ್ಕು ಪುಟದ ಬಲದಿಂದ.

ಒಂಬತ್ತು ವರ್ಷದ ಮೇಲೆ ಶಾರೊಲ್ತಾ ಬಂದಳು. ಟ್ರಾಮ್ ಓಡಿಸುವವನ ಮಗಳು, ಇಪ್ಪತ್ತಾರು ವರ್ಷ, ಮಾತು ಪಟಪಟ, ತಲೆ ಅದಕ್ಕಿಂತ ಚುರುಕು. ಗೆಡೆಯೋನ್‌ನ ಕೈಕೆಳಗೆ ಮೂರು ವರ್ಷ ದುಡಿದು ಪ್ರಬಂಧ ಬರೆದಿದ್ದಳು, ಮತ್ತು ಆ ಪ್ರಬಂಧದ ಐದೂ ಅಧ್ಯಾಯ ನಿಂತಿದ್ದದ್ದು ಗೆಡೆಯೋನ್‌ನ ಸಣ್ಣ ಪ್ರಮೇಯದ ಮೇಲೆ. ಪದವಿ ಬಂದರೆ ಸೆಪ್ಟೆಂಬರಿನಿಂದ ನಮ್ಮಲ್ಲೇ ಕೆಲಸ. ನಮ್ಮ ಪದ್ಧತಿಯಂತೆ ಹೊರಗಿನ ಪರೀಕ್ಷಕರ ಮುಂದೆ ಹೋಗುವ ಮೊದಲು ಪ್ರಬಂಧವನ್ನು ಮನೆಯೊಳಗೇ ಒಮ್ಮೆ ಜಗ್ಗಿ ನೋಡಬೇಕು. ಅಂದರೆ ಮಂಗಳವಾರದ ಗೋಷ್ಠಿಯಲ್ಲಿ ನಾವೆಲ್ಲ ಸೇರಿ ಅದನ್ನು ಹರಿಯಲು ನೋಡುವುದು. ಹರಿಯದಿದ್ದರೆ ಮುಂದಕ್ಕೆ ಬಿಡುವುದು. ಶಾರೊಲ್ತಾಳ ಸರದಿ ಅರವತ್ತೊಂಬತ್ತರ ಏಪ್ರಿಲ್ ಕೊನೆಯ ಮಂಗಳವಾರಕ್ಕೆ ಬಂತು.

ಅದರ ಹಿಂದಿನ ಭಾನುವಾರ ಮಧ್ಯಾಹ್ನ ಗೆಡೆಯೋನ್ ನನ್ನ ಮನೆಯ ಗಂಟೆ ಒತ್ತಿದ. ಹೇಳದೆ ಕೇಳದೆ ಬರುವವನಲ್ಲ. ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು, ಊಟಕ್ಕೆ ಕೂರು ಎಂದೆ. ಕೂರಲಿಲ್ಲ. ರೇಡಿಯೋ ಸ್ವಲ್ಪ ಜೋರಾಗಿ ಹಾಕಿ ಎಂದ. ಅರವತ್ತೊಂಬತ್ತರಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. ಗೋಡೆಗೆ ಕಿವಿಯಿದ್ದ ಕಾಲದ ಮಾತು ಅದು. ಯಾರನ್ನು ಹಿಡಿದುಕೊಂಡು ಹೋದರು ಎಂದುಕೊಂಡೆ. ರೇಡಿಯೋದಲ್ಲಿ ಯಾವುದೋ ಸುಡುಗಾಡು ಕುಣಿತದ ಸಂಗೀತ ಬರುತ್ತಿತ್ತು. ಅವನು ಕೋಟಿನ ಒಳಜೇಬಿನಿಂದ ಒಂದು ಹಾಳೆ ತೆಗೆದು, ಊಟದ ಮೇಜಿನ ಮೇಲೆ ಬಿಡಿಸಿ, ಮೂಲೆಗಳಿಗೆ ಉಪ್ಪಿನ ಬಟ್ಟಲು, ಚಮಚ ಇಟ್ಟ.

“ಹನ್ನೊಂದು ಬಿಂದು ಸಾಕು ನೋಡಿ, ಅರಂಕಾ. ಹನ್ನೊಂದೇ. ನಿನ್ನೆಯಿಂದ ಎಣಿಸ್ತಾನೇ ಇದೀನಿ, ಎಲ್ಲಾದ್ರೂ ಕಣ್ತಪ್ಪಿತಾ ಅಂತ. ತಪ್ಪಿಲ್ಲ. ಪ್ರಮೇಯಾನೇ ಸುಳ್ಳು.”

ನಡೆದದ್ದು ಇಷ್ಟು. ಅವನ ಸಣ್ಣ ಪ್ರಮೇಯದಲ್ಲಿ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿಯೊಂದನ್ನು ಮೊದಲು ಆರಿಸಿಕೊಳ್ಳಬೇಕು. ಆಮೇಲೆ ಜಾಲದ ಕೆಲವು ಗೆರೆ ಅಳಿಸಿ ಬೇರೆ ಕೆಲವನ್ನು ಎಳೆಯಬೇಕು. ಆ ದಾರಿ ಈಗಲೂ ಅತಿ ಚಿಕ್ಕದೇ ಆಗಿರುವುದರಿಂದ ಎಂದು ಅವನು ಮುಂದುವರಿದಿದ್ದ. ಮನೆಯಿಂದ ಮಾರುಕಟ್ಟೆಗೆ ಹತ್ತಿರದ ದಾರಿ ಗುರುತು ಮಾಡಿಕೊಂಡು, ಆಮೇಲೆ ಊರಿನ ಒಂದು ಸೇತುವೆ ಕೆಡವಿ ಇನ್ನೊಂದು ಕಡೆ ಸೇತುವೆ ಕಟ್ಟಿದ ಮೇಲೂ ಅದೇ ಹತ್ತಿರದ ದಾರಿ ಎಂದು ಹಟ ಹಿಡಿದ ಹಾಗೆ. ಕೇಳಿದರೆ ಹುಚ್ಚು ಎನಿಸುತ್ತದೆ. ಆದರೆ ನಮ್ಮ ಕಸುಬಿನವರು ಕಣ್ಣಿಂದ ಯೋಚಿಸುತ್ತಾರೆ, ಚಿತ್ರ ಬರೆದು ಚಿತ್ರವನ್ನು ನಂಬುತ್ತಾರೆ. ಹನ್ನೆರಡು ವರ್ಷವೂ ಗೆಡೆಯೋನ್ ಆ ಚಿತ್ರವನ್ನು ಒಂದೇ ರೀತಿ ಬರೆದಿದ್ದ. ದಾರಿ ಬೋರ್ಡಿನ ಈ ಕೊನೆಯಿಂದ ಆ ಕೊನೆಗೆ ನೆಟ್ಟಗೆ, ಹೊಸ ಗೆರೆಗಳು ಅದರ ಮೇಲೆ ಸಣ್ಣ ಸಣ್ಣ ಕಮಾನುಗಳಾಗಿ. ಹಾಗೆ ಬರೆದರೆ ಯಾವ ಹೊಸ ಗೆರೆಯೂ ದೂರದ ಎರಡು ಬಿಂದುಗಳನ್ನು ಮುಟ್ಟುವಂತೆ ಕಾಣುವುದೇ ಇಲ್ಲ.

ಶಾರೊಲ್ತಾಳ ಪ್ರಬಂಧಕ್ಕೆ ಹದಿನಾಲ್ಕನೆಯ ಪುಟದಲ್ಲಿ ಒಂದು ಚಿತ್ರ ಬೇಕಿತ್ತು. ನಾನೇ ಬರೆದುಕೊಡುತ್ತೇನೆ ಎಂದು ಗೆಡೆಯೋನ್ ಪ್ರೀತಿಯಿಂದ ಒಪ್ಪಿಕೊಂಡಿದ್ದ. ಪುಟದ ಅಗಲ ಇಷ್ಟೇ ಸೆಂಟಿಮೀಟರು ಎಂದು ಬೆರಳಚ್ಚಿನವಳು ಗದರಿಸಿದ್ದಳು. ನೆಟ್ಟಗಿನ ದಾರಿ ಅಷ್ಟರಲ್ಲಿ ಹಿಡಿಸಲಿಲ್ಲ. ಸರಿ, ಮಡಚಿ ಬರೆದ. ಮಡಚಿದಾಗ ದಾರಿಯ ಮೇಲೆ ದೂರ ದೂರವಿದ್ದ ಎರಡು ಬಿಂದುಗಳು ಪಕ್ಕಪಕ್ಕಕ್ಕೆ ಬಂದವು, ಮತ್ತು ಪ್ರಮೇಯದ ಕಟ್ಟಳೆಯನ್ನೇನೂ ಮುರಿಯದೆ ಅವುಗಳ ನಡುವೆ ಹೊಸ ಗೆರೆಯೊಂದನ್ನು ಎಳೆಯಲು ಸಾಧ್ಯ ಎಂದು ಕಂಡಿತು. ಎಳೆದ. ಹಳೆಯ ದಾರಿ ಆರು ಗೆರೆಯದು, ಹೊಸ ದಾರಿ ನಾಲ್ಕೇ.

ಈಗ ಹೇಳಿಬಿಡುತ್ತೇನೆ. ಐವತ್ತೇಳರಲ್ಲಿ ಆ ಲೇಖನವನ್ನು ಪರಿಶೀಲಿಸಿದವಳು ನಾನು. ಮೂರನೆಯ ಪುಟದ ಆ ಹೆಜ್ಜೆಯಲ್ಲಿ ಎರಡು ವಾರ ಒದ್ದಾಡಿದ್ದೆ. ಸರಿ ಎಂದು ಸಾಧಿಸಲೂ ಆಗಲಿಲ್ಲ, ತಪ್ಪು ಎಂದು ತೋರಿಸಲೂ ಆಗಲಿಲ್ಲ. ‘ಯಾಕೆ?’ ಎಂದು ಒಂದು ಪದ ಬರೆದು ಹಿಂದಕ್ಕೆ ಕಳಿಸಬೇಕಿತ್ತು. ಕಳಿಸಿದರೆ ಹುಡುಗನ ಜಾಗ ಹೋಗುತ್ತದೆ, ಪಾಪ ಎಂದು ನನಗೆ ನಾನೇ ಹೇಳಿಕೊಂಡೆ. ಕರುಣೆಯಲ್ಲ ಅದು. ಐವತ್ತಾರರ ದಂಗೆಯನ್ನು ಅಡಗಿಸಿದ ಮೇಲೆ, ನಾಲ್ಕು ತಿಂಗಳ ಹಿಂದಷ್ಟೇ, ನನ್ನ ತಮ್ಮ ಗಡಿ ದಾಟಿ ವಿಯೆನ್ನಾಕ್ಕೆ ಓಡಿಹೋಗಿದ್ದ. ಪೊಲೀಸರು ಎರಡು ಸಲ ನನ್ನನ್ನು ಕರೆಸಿ, ಬರಿಯ ಮೇಜಿನ ಮುಂದೆ ಕೂರಿಸಿ ಪ್ರಶ್ನೆ ಕೇಳಿದ್ದರು. ಮೂರನೆಯ ಸಲ ಕರೆ ಬರುತ್ತದೆಂದು ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದರೂ ಜೀವ ಬಾಯಿಗೆ ಬರುತ್ತಿದ್ದ ದಿನಗಳು. ಹೊಲ್ಲೋಶ್‌ಗೆ ಬೇಕಾದ ಲೇಖನಕ್ಕೆ ಅಂಥ ಹೊತ್ತಿನಲ್ಲಿ ಅಡ್ಡಗಾಲು ಹಾಕುವ ಧೈರ್ಯ ನನಗಿರಲಿಲ್ಲ. ವರದಿ ಟೈಪು ಮಾಡಿದೆ. ಯಾರೂ ಕೇಳದಿದ್ದರೂ ಕಳ್ಳ ತಾನೇ ಉತ್ತರ ಹೇಳುತ್ತಾನಲ್ಲ, ಹಾಗೆ ಒಂದು ವಾಕ್ಯ ಜಾಸ್ತಿಯೇ ಬರೆದೆ: ಮೂರನೆಯ ಪುಟ ಓದುಗರಿಗೆ ತೊಡಕೆನಿಸಬಹುದು, ಆದರೆ ಗಮನವಿಟ್ಟು ನೋಡಿದರೆ ಎಲ್ಲವೂ ಸ್ಪಷ್ಟವಾಗಿದೆ.

ಊಟದ ಮೇಜಿನ ಮುಂದೆ ನಿಂತು ಆ ಹನ್ನೊಂದು ಬಿಂದುಗಳನ್ನು ನಾನೂ ಎಣಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಎಲ್ಲಾದರೂ ತಪ್ಪು ಹಿಡಿದುಬಿಡಿ ಎಂದು ಆ ಕಣ್ಣು ಬೇಡುತ್ತಿತ್ತು. ಚಿತ್ರದಲ್ಲಿ ತಪ್ಪಿರಲಿಲ್ಲ. ಪ್ರಮೇಯ ಬಿದ್ದರೆ ಹಳೆಯ ಕಡತ ಹೊರಗೆ ಬರುತ್ತದೆ, ಪರಿಶೀಲಿಸಿದವರು ಯಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನನಗೆ ಮೊದಲು ಹೊಳೆದದ್ದು ಅದು. ಅವನೂ ಅಲ್ಲ, ಆ ಹುಡುಗಿಯೂ ಅಲ್ಲ.

“ಬಾಯಿ ಮುಚ್ಕೊಂಡಿರು,” ಎಂದೆ. “ಅಚ್ಚಾಗಿದೆ. ಮಂಗಳವಾರ ಅದನ್ನ ಯಾರೂ ಕೇಳೋ ಹಾಗಿಲ್ಲ. ನಾನಂತೂ ಕೇಳಲ್ಲ.”

ಕೇಳದಿದ್ದರೆ ಆ ಹುಡುಗಿಯ ಗತಿ ಏನು ಎಂದ. ಪದವಿ ಬರುತ್ತದೆ, ಕೆಲಸ ಬರುತ್ತದೆ, ಮತ್ತೇನು ಬೇಕು ಎಂದೆ. ನೀನು ಬಾಯಿ ಬಿಟ್ಟರೆ ಅವಳ ಮೂರು ವರ್ಷ ಚರಂಡಿಗೆ, ನೀನು ವಾಪಸ್ಸು ಟೋಪಿ ಗೋದಾಮಿಗೆ ಎಂದೂ ಹೇಳಿದೆ. ಗೋದಾಮು ಎಂದಾಗ ಅವನು ಕಣ್ಣು ಮುಚ್ಚಿದ. ಆ ಏಟು ಎಲ್ಲಿಗೆ ಬೀಳುತ್ತದೆ ಎಂದು ತಿಳಿದೇ ಹೊಡೆದಿದ್ದೆ. ಸಾರು ಉಕ್ಕಿ ಒಲೆಗೆ ಸುರಿಯಿತು, ಇಬ್ಬರೂ ಕದಲಲಿಲ್ಲ.

“ಇವತ್ತಲ್ಲ ನಾಳೆ ಯಾರಾದ್ರೂ ಕಂಡುಹಿಡೀತಾರೆ,” ಎಂದ ಕೊನೆಗೆ. “ಅಲ್ಲೀವರೆಗೆ ದಿನಾ ಹೆದರ್ಕೊಂಡು ಬದುಕೋದು. ನನಗದು ಅಭ್ಯಾಸ ಆಗಿದೆ ಅರಂಕಾ, ನಾನು ಬದುಕ್ತೀನಿ. ಆ ಹುಡುಗಿಗೆ ಅಭ್ಯಾಸ ಇಲ್ಲ. ಅವಳಿಗ್ಯಾಕೆ ಅದನ್ನ ಕಲಿಸ್ಲಿ?”

ಹಾಗಾದರೆ ಹೇಳುತ್ತೀಯಾ ಎಂದು ಕೇಳಿದೆ. ಗೊತ್ತಿಲ್ಲ, ಧೈರ್ಯ ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೊರಟ. ನಾನು ಬಾಗಿಲು ಹಾಕಿ ಬೀಗದ ಕೈ ಎರಡು ಸಲ ತಿರುಗಿಸಿದೆ. ಸೋಮವಾರ ಪೂರ್ತಿ ಅವನಿಗೆ ಜ್ವರ ಬರಲಿ, ಹುಡುಗಿಗೆ ಜ್ವರ ಬರಲಿ, ಹೊಲ್ಲೋಶ್ ಕಾಲು ಜಾರಿ ಬೀಳಲಿ ಎಂದು ಏನೇನೋ ಹಾರೈಸಿದೆ. ಯಾರಿಗೂ ಏನೂ ಆಗಲಿಲ್ಲ.

ಮಂಗಳವಾರ ನಾಲ್ಕು ಗಂಟೆಗೆ ಕೋಣೆ ತುಂಬಿತ್ತು. ಶಾರೊಲ್ತಾ ಹೊಸದಾಗಿ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಬಂದಿದ್ದಳು. ಒಳಗೆ ಬರುವಾಗ ನನ್ನ ಹತ್ತಿರ ಬಗ್ಗಿ, “ಅರಂಕಾ ನೇನಿ, ಇವತ್ತು ಗರಗಸ ಮನೇಲೇ ಬಿಟ್ಟು ಬಂದಿದೀರಿ ತಾನೇ?” ಎಂದು ಪಿಸುಗುಟ್ಟಿ ನಕ್ಕಳು. ನಮ್ಮಲ್ಲಿ ಹಿರಿಯ ಹೆಂಗಸರನ್ನೆಲ್ಲ ನೇನಿ ಎನ್ನುತ್ತಾರೆ. ನಗಲು ನೋಡಿದೆ, ತುಟಿ ಅಲುಗಲಿಲ್ಲ. ಗೆಡೆಯೋನ್ ಬಾಗಿಲ ಪಕ್ಕದಲ್ಲಿ ಕೂತಿದ್ದ. ನನ್ನ ಕಡೆ ನೋಡಲಿಲ್ಲ.

ಅವಳು ಮೊದಲ ಬೋರ್ಡಿನ ಮೇಲ್ಭಾಗದಲ್ಲಿ ಸಣ್ಣ ಪ್ರಮೇಯವನ್ನು ಬರೆದಳು. ಪಕ್ಕದಲ್ಲಿ ಬಾರ್ತಾ, ಸಾವಿರದ ಒಂಬೈನೂರ ಐವತ್ತೇಳು. “ಇದು ಅಚ್ಚಾಗಿದೆ,” ಎಂದು ಗೆಡೆಯೋನ್‌ನ ಕಡೆಗೊಮ್ಮೆ ಹೆಮ್ಮೆಯಿಂದ ನೋಡಿ ಮುಂದಕ್ಕೆ ಹೋದಳು. ಬಾಗಿಲ ಕಡೆಯಿಂದ ಸದ್ದಿಲ್ಲ. ಎರಡನೆಯ ಬೋರ್ಡು ತುಂಬಿತು, ಮೂರನೆಯದೂ ತುಂಬಿತು. ಯಾರೋ ಒಂದಿಬ್ಬರು ಸಣ್ಣಪುಟ್ಟ ‘ಯಾಕೆ’ ಹಾಕಿದರು, ಅವಳು ಥಟ್ಟನೆ ಉತ್ತರ ಕೊಟ್ಟಳು. ನಾನು ಬಾಯಿ ತೆರೆಯದೆ ಇದ್ದದ್ದಕ್ಕೆ ಹಿಂದಿನ ಸಾಲಿನವರು ಪಿಸುಪಿಸು ಎನ್ನುತ್ತಿದ್ದರು. ಜಾಗ ಸಾಲದೆ ಹೊಲ್ಲೋಶ್ ಮೇಷ್ಟ್ರು ಮೊದಲ ಬೋರ್ಡು ಒರೆಸಿಕೊಳ್ಳಲು ಹೇಳಿದರು. ಶಾರೊಲ್ತಾ ಒದ್ದೆ ಸ್ಪಂಜು ಕೈಗೆತ್ತಿಕೊಂಡಳು. ಒರೆಸು, ಬೇಗ ಒರೆಸು ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ.

“ಯಾಕೆ?”

ಬಾಗಿಲ ಕಡೆಯಿಂದ ಬಂತು. ಗೆಡೆಯೋನ್ ಎದ್ದು ನಿಂತಿದ್ದ. ಶಾರೊಲ್ತಾ ತನ್ನ ಕೊನೆಯ ಸಾಲನ್ನು ಕೇಳುತ್ತಿದ್ದಾರೆಂದು ಅದನ್ನು ವಿವರಿಸಲು ಹೊರಟಳು. ಅದಲ್ಲ, ಮೊದಲ ಬೋರ್ಡಿನದು ಎಂದ. ಕೋಣೆಯಲ್ಲಿ ಕೆಲವರು ನಕ್ಕರು; ಮೇಷ್ಟ್ರು ಶಿಷ್ಯೆಯನ್ನು ರೇಗಿಸುತ್ತಿದ್ದಾರೆ ಎಂದುಕೊಂಡರು. ಹೊಲ್ಲೋಶ್ ನಗಲಿಲ್ಲ.

“ಅದು ಅಚ್ಚಾಗಿದೆ, ಗೆಡೆಯೋನ್. ಅಚ್ಚಾದದ್ದನ್ನ ಇಲ್ಲಿ ಕೇಳೋದಿಲ್ಲ. ಕೂತ್ಕೋ.”

ಹೊಲ್ಲೋಶ್ ಕೂತ್ಕೋ ಎಂದರೆ ಮಂತ್ರಿಗಳೂ ಕೂರುತ್ತಿದ್ದರು. ಗೆಡೆಯೋನ್‌ನ ಮುಖ ಸುಣ್ಣದ ಹಾಗಿತ್ತು. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ, ಆ ಕುರ್ಚಿ ನೆಲದ ಮೇಲೆ ಕಟಕಟ ಎನ್ನುತ್ತಿತ್ತು.

“ನನ್ನದು ತಾನೇ ಮೇಷ್ಟ್ರೇ,” ಎಂದ. “ನನ್ನದನ್ನ ನಾನು ಕೇಳ್ತೀನಿ.”

ಶಾರೊಲ್ತಾ ಇನ್ನೂ ಆಟವೆಂದೇ ತಿಳಿದಿದ್ದಳು. ಐವತ್ತೇಳರ ನಾಲ್ಕು ಪುಟ ಅವಳಿಗೆ ಬಾಯಿಪಾಠ. ಉತ್ಸಾಹದಿಂದ ಸಾಧಿಸುತ್ತಾ ಬಂದಳು, ದಾರಿಯನ್ನು ನೆಟ್ಟಗೆ ಎಳೆದಳು, ಮೇಲೆ ಕಮಾನು ಹಾಕಿದಳು. ಇಲ್ಲಿ ದಾರಿ ಈಗಲೂ ಅತಿ ಚಿಕ್ಕದು ಎಂಬುದು ಸ್ಪಷ್ಟ ಎಂದಳು. ಗೆಡೆಯೋನ್ ಮತ್ತೆ ಯಾಕೆ ಎಂದ. ಅವಳು ಚಿತ್ರವನ್ನು ತೋರಿಸಿದಳು.

“ಮಡಚಿ ಬರೀಮ್ಮ,” ಎಂದ ಅವನು. “ನೆಟ್ಟಗೆ ಬೇಡ. ಮಡಚಿ ಬರಿ.”

ಅವಳು ಮಡಚಿ ಬರೆದಳು. ಹೊಸ ಗೆರೆಗಳನ್ನು ಒಂದೊಂದಾಗಿ ಹಾಕುತ್ತಾ ಹೋದಳು. ಒಂದು ಕಡೆ ಕೈ ನಿಂತಿತು. ಬೆರಳಿನಿಂದ ಎಣಿಸಿದಳು, ಮತ್ತೆ ಎಣಿಸಿದಳು. ನಾನು ಈ ಕೋಣೆಯಲ್ಲಿ ಎಷ್ಟೋ ಜನರ ಮುಖ ಬಾಡುವುದನ್ನು ನೋಡಿದ್ದೇನೆ, ನಾನೇ ಬಾಡಿಸಿದ್ದೇನೆ. ಅಂಥ ಮುಖವನ್ನು ನೋಡಿರಲಿಲ್ಲ. ಮೂರು ವರ್ಷ, ಐದು ಅಧ್ಯಾಯ, ಸೆಪ್ಟೆಂಬರಿನ ಕೆಲಸ, ಎಲ್ಲವೂ ಕಣ್ಣೆದುರು ಹೋಗುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು, ಆದರೂ ಅವಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

“ಇದು ಚಿಕ್ಕದಲ್ಲ,” ಎಂದಳು, ತನಗೆ ತಾನೇ ಎಂಬಂತೆ. “ಮೇಷ್ಟ್ರೇ, ಇದು ಈಗ ಚಿಕ್ಕದಲ್ಲ.”

“ಅಲ್ಲ. ನಿನ್ನ ತಪ್ಪಲ್ಲಮ್ಮ ಅದು. ನನ್ನದು.”

ಹೊಲ್ಲೋಶ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ನಿಧಾನಕ್ಕೆ, ಇದನ್ನು ಅಂದು ಓದಿ ಒಪ್ಪಿದವರು ಯಾರು ಎಂದು ನಾನು ಕೇಳುವುದಿಲ್ಲ ಎಂದರು. ಹೇಳುವಾಗ ನನ್ನ ಕಡೆ ಒಂದೇ ಒಂದು ಸಲ ನೋಡಿದರು. ಲೇಖನವನ್ನು ನನಗೆ ಕೊಟ್ಟವರೂ ಅವರೇ, ಬೇಗ ಮುಗಿಸು ಎಂದವರೂ ಅವರೇ. ಎದ್ದು ನಿಲ್ಲಬೇಕು, ನಾನು ಎನ್ನಬೇಕು, ಎರಡೇ ಅಕ್ಷರ. 

ಅಷ್ಟು ದೂರದಲ್ಲಿ, ಎಲ್ಲರಿಗಿಂತ ಹೆದರುಪುಕ್ಕಲನೆಂದು ನಾವು ನಗುತ್ತಿದ್ದ ಮನುಷ್ಯ ನಿಂತೇ ಇದ್ದ. ನಾನು ಕೂತೇ ಇದ್ದೆ.

ಮುಂದಿನದು ಬೇಗ ಬೇಗ ಆಯಿತು. ಶಾರೊಲ್ತಾಳ ಪ್ರಬಂಧವನ್ನು ತಡೆಹಿಡಿದರು, ಸೆಪ್ಟೆಂಬರಿನ ಕೆಲಸ ಬೇರೆಯವನ ಪಾಲಾಯಿತು. ಗೆಡೆಯೋನ್‌ನನ್ನು ಪಾಠದಿಂದ ತೆಗೆದು ಗ್ರಂಥಾಲಯದಲ್ಲಿ ಪುಸ್ತಕದ ಚೀಟಿ ಬರೆಯಲು ಹಾಕಿದರು. ಗೋದಾಮಿಗೆ ಕಳಿಸಲಿಲ್ಲ, ಕಾಲ ಅಷ್ಟರಮಟ್ಟಿಗೆ ಬದಲಾಗಿತ್ತು. ಶಾರೊಲ್ತಾ ಎರಡು ತಿಂಗಳು ಅವನ ಕಡೆ ತಿರುಗಿ ನೋಡಲಿಲ್ಲ. ಜುಲೈನಲ್ಲಿ ಒಂದು ದಿನ ನೋಟುಪುಸ್ತಕ ಹಿಡಿದುಕೊಂಡು ಚೀಟಿ ಕೋಣೆಗೆ ಹೋಗಿ, ಕೆಲವು ಬಗೆಯ ಜಾಲಗಳಲ್ಲಿ ಮಾತ್ರ ನಿಮ್ಮ ಪ್ರಮೇಯ ನಿಲ್ಲುತ್ತದೆ, ಅಷ್ಟು ಇಟ್ಟುಕೊಂಡು ಮೂರು ಅಧ್ಯಾಯ ಉಳಿಸಬಹುದು, ಕೂತು ನೋಡೋಣ ಎಂದಳಂತೆ. ಇಬ್ಬರೂ ಸೇರಿ ತಿದ್ದುಪಡಿ ಅಚ್ಚು ಮಾಡಿಸಿದರು. ಎಪ್ಪತ್ತೊಂದರಲ್ಲಿ ಅವಳಿಗೆ ಪದವಿ ಬಂತು.

ಆ ವರ್ಷದ ನವೆಂಬರಿನಲ್ಲಿ ನಾನು ಗಸಗಸೆ ತುಂಬಿದ ಸಿಹಿ ರೊಟ್ಟಿ ಕಟ್ಟಿಕೊಂಡು ಚೀಟಿ ಕೋಣೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಟ್ರಾಮಿನಲ್ಲಿ ಕೂತು ವಾಕ್ಯವನ್ನು ನಾಲ್ಕು ಸಲ ಜೋಡಿಸಿಕೊಂಡಿದ್ದೆ. ಅವನು ಒಬ್ಬನೇ ಇದ್ದ. ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದ. ಪಕ್ಕದ ಕೋಣೆಯಲ್ಲಿ ಫೋನು ಬಡಿದುಕೊಂಡಿತು, ಅವನು ಏಳಲಿಲ್ಲ. ರೊಟ್ಟಿ ಮುರಿದು ನನಗೊಂದು ತುಂಡು ಕೊಟ್ಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರು ಮಾಡಿದ.

“ಒಂದು ವಿಷಯ ಯಾರಿಗೂ ಹೇಳಿಲ್ಲ, ಅರಂಕಾ. ಆ ಮೂರನೇ ಪುಟದ ಮೇಲೆ ನನಗೆ ಅವತ್ತೇ ಅನುಮಾನ ಇತ್ತು. ಲೇಖನ ವಾಪಸ್ ಕೊಡಿ, ಒಂದು ಹೆಜ್ಜೆ ಸರಿ ಕಾಣ್ತಿಲ್ಲ ಅಂತ ಹೊಲ್ಲೋಶ್ ಮೇಷ್ಟ್ರಿಗೆ ಕಾಗದ ಬರೆದು ಲಕೋಟೆಗೂ ಹಾಕಿದ್ದೆ. ಅಷ್ಟರಲ್ಲಿ ಪರಿಶೀಲಕರ ವರದಿ ಬಂತು. ಮೂರನೇ ಪುಟ ತೊಡಕೆನಿಸಬಹುದು, ಆದ್ರೆ ಗಮನವಿಟ್ಟು ನೋಡಿದ್ರೆ ಎಲ್ಲಾ ಸ್ಪಷ್ಟವಾಗಿದೆ ಅಂತ ಬರೆದಿದ್ರು. ಅಷ್ಟು ತಿಳಿದೋರು ನೋಡಿ ಹೇಳಿದ ಮೇಲೆ ಟೋಪಿ ತುಂಬೋ ನಾನ್ಯಾರು ಅಂದ್ಕೊಂಡೆ. ಕಾಗದ ಹರಿದು ಹಾಕ್ದೆ.”

ಅವನು ಬೆರಳಿಗಂಟಿದ ಗಸಗಸೆಯನ್ನು ಒರೆಸಿಕೊಂಡ. ಅವರ ಮೇಲೆ ಸಿಟ್ಟಿಲ್ಲ ಎಂದ. ಅವರು ನನ್ನನ್ನು ನಂಬಿದರು, ನಾನು ಅವರನ್ನು ನಂಬಿದೆ, ಈಗ ಅವರಿಗೆ ಈ ಸುದ್ದಿ ತಲುಪಿದ್ದರೆ ಎಷ್ಟು ನೊಂದುಕೊಂಡಿರುತ್ತಾರೋ ಪಾಪ ಎಂದ. ಆಮೇಲೆ ತುಂಬಾ ಹೊತ್ತು ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತೇ, ಇಲ್ಲವೇ, ಇಂದಿಗೂ ನನಗೆ ತಿಳಿಯದು.

ರೊಟ್ಟಿ ಚೆನ್ನಾಗಿ ಆಗಿದೆಯಾ ಎಂದು ಕೇಳಿದೆ. ಚೆನ್ನಾಗಿದೆ ಎಂದ. ನಾನು ಕೋಟು ಹಾಕಿಕೊಂಡು ಕೆಳಗಿಳಿದೆ. ಆಮೇಲೆ ಹದಿನೈದು ವರ್ಷ ನಾವಿಬ್ಬರೂ ಮಂಗಳವಾರ ಒಂದೇ ಕೋಣೆಯಲ್ಲಿ ಕೂತೆವು, ಒಂದು ದಿನವೂ ನಾನು ಹೇಳಲಿಲ್ಲ.